ಹನ್ನೊಂದನೆಯ ಪಾಠ: ಹಗ್ಗ

ಹುಟ್ಟುಹಬ್ಬದ ಹುಡುಗಿಯ ಅಪ್ಪನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಕೆಂಪು ಹಗ್ಗದಿಂದ ಬಿಗಿದು ಗಂಟು ಹಾಕಿದಾಗ ನೆಲದ ಮೇಲೆ ಕುಳಿತಿದ್ದ ಮಕ್ಕಳೆಲ್ಲ ಹೋ ಎಂದು ಕಿರುಚಿದವು. ಜಾದೂಗಾರನಿಗೆ ಒಳಗೊಳಗೇ ಹಿಗ್ಗು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಬೆರಳುಗಳು ಅವನವು. ಗಡಿಯಾರ ತರುವವರೇ ಇಲ್ಲವಾದ ಮೇಲೆ, ಮಕ್ಕಳ ಪಾರ್ಟಿಗಳಲ್ಲಿ ಜಾದು ಮಾಡುವುದನ್ನು ಕಲಿಸುವ ಹಳೆಯ ಪುಸ್ತಕವೊಂದನ್ನು ಹುಡುಕಿ ತಂದು ಮೂರು ತಿಂಗಳು ಒದ್ದಾಡಿದ್ದ. ಇದು ಮೊದಲ ಪ್ರದರ್ಶನ. “ಪುಸ್ತಕದ ಬದನೆಕಾಯಿ ಸಾರಿಗಾಗುತ್ತೇನ್ರೀ?” ಎಂದು ಹೆಂಡತಿ ಹಂಗಿಸಿದ್ದಳು. ಹಂಗಿಸುತ್ತಲೇ ದಿನಾ ಸಂಜೆ ಕೈ ಚಾಚಿ ಕಟ್ಟಿಸಿಕೊಂಡೂ ಇದ್ದಳು.

ಹಗ್ಗದ ಆಟ ಆ ಪುಸ್ತಕದ ಹನ್ನೊಂದನೆಯ ಪಾಠ. ಕಟ್ಟಿಸಿಕೊಂಡವನು ಎಷ್ಟು ಕೊಸರಾಡಿದರೂ ಗಂಟು ಜಗ್ಗದು. ಜಾದೂಗಾರನ ಮುಷ್ಟಿಯೊಳಗಿನ ತುದಿಯನ್ನು ಸ್ವಲ್ಪ ಎಳೆದರೆ ಸಾಕು, ಸಡಿಲಾಗಿ ಬಿದ್ದುಹೋಗುತ್ತದೆ. ‘ಮನೆಯ ಯಜಮಾನರನ್ನೇ ಕರೆಯಿರಿ. ದೊಡ್ಡವರು ಸಿಕ್ಕಿಬಿದ್ದರೆ ಮಕ್ಕಳಿಗೆ ಅದಕ್ಕಿಂತ ಖುಷಿಯಿಲ್ಲ. ಬಿಡಿಸುವ ಮಾತು ಮಗುವಿನ ಬಾಯಿಂದಲೇ ಬರಲಿ. ಮಗು ಹೇಳುವ ತನಕ ತುದಿ ಎಳೆಯಬೇಡಿ’ ಎಂದು ಅಲ್ಲಿ ಬರೆದಿತ್ತು. ಕೊನೆಯ ಸಾಲಿಗೆ ಅವನು ಕೆಂಪು ಪೆನ್ಸಿಲಿನಲ್ಲಿ ಎರಡೆರಡು ಗೆರೆ ಎಳೆದಿದ್ದ.

“ಛೂಮಂತ್ರ ಅಂತ ಒಂದೇ ಒಂದು ಸಲ ಹೇಳ್ಬಿಡು ಪುಟ್ಟಿ. ಅಪ್ಪನ ಕೈ ಬಿಟ್ಟುಹೋಗುತ್ತೆ.”

ಒಂಬತ್ತು ತುಂಬಿದ ಹುಡುಗಿ. ಅಂಥ ಸೆಕೆಯಲ್ಲೂ ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಫ್ರಾಕು. ಅವಳು ಮಂತ್ರ ಹೇಳಲಿಲ್ಲ. ಎದ್ದು ಹತ್ತಿರ ಬಂದು ಕಟ್ಟಿದ ಕೈಗಳನ್ನು ನೋಡುತ್ತ ನಿಂತಳು. ಆಮೇಲೆ, ಇಸ್ತ್ರಿಪೆಟ್ಟಿಗೆ ಆರಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಒಂದು ಬೆರಳು ಚಾಚಿ, ಅಪ್ಪನ ಮುಂಗೈಯನ್ನು ಮುಟ್ಟಿ ಸರಕ್ಕನೆ ಹಿಂದೆ ತೆಗೆದುಕೊಂಡಳು. ಏನೂ ಆಗಲಿಲ್ಲ. ಇನ್ನೊಂದು ಸಲ ಮುಟ್ಟಿದಳು. ಆಗ ಫ್ರಾಕಿನ ತೋಳು ಮೇಲೆ ಸರಿಯಿತು. ಗಡಿಯಾರದೊಳಗೆ ಸೂಜಿಮೊನೆಯಷ್ಟು ಸ್ಕ್ರೂ ಹುಡುಕಿದ ಜಾದೂಗಾರನ ಕಣ್ಣಿಗೆ, ಎಳೆ ಕೈಯ ಮೇಲೆ ಸಾಲಾಗಿ ಮೂಡಿದ್ದ ನಾಲ್ಕು ಬೆರಳಿನ ನೀಲಿ ಗುರುತು ಕಾಣದೆ ಹೋದೀತೆ?

“ಹೇಳೇ, ಎಷ್ಟೊತ್ತು?” ಅಪ್ಪ ನಗುತ್ತಲೇ ಕೇಳಿದ. ಹುಡುಗಿ ಅವನ ಮುಖ ನೋಡದೆ ಗಂಟನ್ನೇ ನೋಡುತ್ತ ನಿಂತೇ ಇದ್ದಳು. ನಗುತ್ತಿದ್ದ ಮಕ್ಕಳು ಒಂದೊಂದಾಗಿ ನಗು ನಿಲ್ಲಿಸಿದವು. ಪಕ್ಕದಲ್ಲೇ ಇದ್ದ ಅಡುಗೆಮನೆ ಬಾಗಿಲಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಿದ್ದ ತಾಯಿಯ ಕಡೆಗೆ ಜಾದೂಗಾರ ತಿರುಗಿದ, ಆಕೆಯಾದರೂ ಹೇಳಿಸಿಯಾಳು ಎಂದು. ಆಕೆಯೂ ಗಂಡನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣೂ ಆ ಗಂಟಿನ ಮೇಲೇ ಇತ್ತು.

ಅಪ್ಪ ಒಮ್ಮೆ ಜಗ್ಗಿದ. ಗಂಟು ಅಲುಗಲಿಲ್ಲ. ತುಟಿಯ ನಗು ಹಾಗೇ ಇರಿಸಿಕೊಂಡು, ಹತ್ತಿರವಿದ್ದ ಹೆಂಡತಿ, ಮಗಳು, ಜಾದೂಗಾರ ಈ ಮೂವರಿಗೆ ಮಾತ್ರ ಕೇಳುವಂತೆ, “ಬಂದೋರೆಲ್ಲ ಹೋಗ್ಲಿ. ಆಮೇಲೆ ನೋಡ್ಕೋತೀನಿ ನಿಮ್ಮಿಬ್ಬರನ್ನೂ” ಎಂದ. ಮತ್ತೆ ಜಾದೂಗಾರನಿಗೆ, “ಬಿಚ್ಚಯ್ಯ ಸಾಕು. ಜನ ನೋಡ್ತಿದಾರೆ.”

ತುದಿ ಎಳೆಯಬಾರದು ಎಂದು ಜಾದೂಗಾರನಿಗೆ ಗೊತ್ತಿತ್ತು. ದೇವರಾಣೆ ಗೊತ್ತಿತ್ತು. ಆದರೆ ಮೊದಲ ಪ್ರದರ್ಶನ, ಸುತ್ತ ಇಪ್ಪತ್ತು ಮನೆಯವರು. ಆಟ ಕೆಟ್ಟಿತು ಎಂದರೆ ಇನ್ನು ಯಾರೂ ಕರೆಯುವುದಿಲ್ಲ. ಅವನೇ ಗಟ್ಟಿಯಾಗಿ “ಛೂಮಂತ್ರ!” ಎಂದು ಕೂಗಿ ತುದಿ ಎಳೆದುಬಿಟ್ಟ. ಹಗ್ಗ ಸರ್ರನೆ ಜಾರಿ ಕಾಲ ಬಳಿ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಅಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತ ಎಲ್ಲರಿಗೂ ಕೈಬೀಸಿದ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

ಬಾಗಿಲ ಬಳಿ ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಯಾರೋ ಬಂದು, ಮುಂದಿನ ತಿಂಗಳು ತಮ್ಮ ಮಗನ ಹುಟ್ಟುಹಬ್ಬಕ್ಕೂ ಬರಬೇಕೆಂದು ಹೇಳಿ ಫೋನ್ ನಂಬರ್ ಬರೆಸಿಕೊಂಡು ಹೋದರು. ಥೂ ನನ್ನ ಜನ್ಮಕ್ಕೆ, ಎಂದುಕೊಂಡ ಅವನು. ಒಳಗಡೆ ಒಬ್ಬೊಬ್ಬರೇ ‘ಬರ್ತೀವಿ’ ಎನ್ನುತ್ತಿದ್ದರು. ಪೊಲೀಸರಿಗೆ ಹೇಳಲೇ, ಏನೆಂದು ಹೇಳಲಿ ಎಂದು ತಲೆ ತಗ್ಗಿಸಿ ಕೂತಿದ್ದಾಗ ಚೀಲದೊಳಕ್ಕೆ ಪುಟ್ಟ ಕೈಯೊಂದು ಇಳಿಯಿತು. ಹುಡುಗಿ ಜಾದು ಪುಸ್ತಕ ಎತ್ತಿಕೊಂಡಿದ್ದಳು.

“ಇದನ್ನ ಓದಿದ್ರೆ ಎಲ್ಲಾ ಬರುತ್ತಾ ಅಂಕಲ್?”

“ಬರುತ್ತಮ್ಮ. ದಿನಾ ಅಭ್ಯಾಸ ಮಾಡ್ಬೇಕು.”

“ಕೈ ಕಟ್ಟೋದು ಎಲ್ಲಿದೆ?”

ಅವನು ಹನ್ನೊಂದನೆಯ ಪಾಠ ತೆಗೆದು ತೋರಿಸಿದ. ಅವಳು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟುಕೊಂಡು ಓದಿದಳು. ಕೆಂಪು ಗೆರೆಗಳ ಬಳಿ ಬೆರಳು ನಿಂತಿತು.

“ಇದು ಎಳೆದ್ರೆ ಬಿಚ್ಚಿಹೋಗುತ್ತಲ್ಲ.”

“ಹೂಂ ಪುಟ್ಟಿ. ಜಾದು ಅಂದ್ರೆ ಅಷ್ಟೇ.”

ಒಳಗಿನಿಂದ ಅಪ್ಪ ಅವಳನ್ನು ಕೂಗಿದ. ಅವಳು ಅತ್ತ ನೋಡಲಿಲ್ಲ. ಬೆರಳಿಗೆ ಉಗುಳು ಹಚ್ಚಿಕೊಂಡು ಗಡಿಬಿಡಿಯಿಂದ ಹಾಳೆ ತಿರುವತೊಡಗಿದಳು.

“ಬಿಚ್ಚದೇ ಇರೋ ಗಂಟು ಯಾವ ಪುಟದಲ್ಲಿದೆ, ಅಂಕಲ್?”