ಗೊಣಗದ ಮೂವತ್ತು ದಿನ

ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪಿಲ್ಲ. ಈ ವಾರ ಇದು ಮೂರನೇ ಸಲ. ಗುಮಾಸ್ತ ತಲೆಯೆತ್ತಿದ. ಹೆಂಡತಿ ಎದುರಿಗೇ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ನಾಲಗೆಯ ತುದಿಗೆ ಬಂದದ್ದನ್ನು ಅವನು ತುತ್ತಿನ ಜೊತೆಗೇ ನುಂಗಿಕೊಂಡ.

ಇಂದಿಗೆ ಹತ್ತೊಂಬತ್ತು ದಿನ. ಇನ್ನು ಹನ್ನೊಂದು ದಿನ ಹಲ್ಲು ಕಚ್ಚಿಕೊಂಡಿದ್ದರೆ ಗೆದ್ದಂತೆ.

ಚರ್ಚಿನಲ್ಲಿ ಪಾಸ್ಟರು ಎಲ್ಲರಿಗೂ ಒಂದು ಕೆಲಸ ಒಪ್ಪಿಸಿದ್ದರು. "ಮೂವತ್ತು ದಿನ ಯಾರೂ ಗೊಣಗಬಾರದು. ಗೊಣಗೋ ಜಾಗದಲ್ಲಿ ಥ್ಯಾಂಕ್ಸ್ ಹೇಳಿ. ಆಮೇಲೆ ಸಭೆಯಲ್ಲಿ ಎದ್ದು, ಹೇಗೆ ನಡೀತು ಅಂತ ಸಾಕ್ಷಿ ಹೇಳಿ." ಹೇಳುವಾಗ ಅವರ ಕಣ್ಣು ಗುಮಾಸ್ತನ ಮೇಲೇ ಇತ್ತು. ಇರದೆ ಇನ್ನೇನು? ಫ್ಯಾನು ಜೋರಾಯಿತು, ಹಾಡು ಉದ್ದವಾಯಿತು, ಬೆಂಚು ಗಟ್ಟಿ ಎಂದು ಪ್ರತಿ ಭಾನುವಾರ ತಕರಾರು ತೆಗೆಯುವವನು ಅವನೊಬ್ಬನೇ. ಜನರ ಮುಂದೆ ಒಮ್ಮೆಯಾದರೂ ಸೈ ಅನಿಸಿಕೊಳ್ಳಬೇಕು ಎಂದು ಅವನು ಅಂದೇ ಹಟ ತೊಟ್ಟ.

ಪಾಪ, ಅವನ ಹೊಟ್ಟೆಪಾಡೇ ಅಂಥದ್ದು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ. ಇಡೀ ದಿನ ಕಿಟಕಿಯಾಚೆಯವರಿಂದ ಬೈಸಿಕೊಂಡು, ದೂರು ಬರೆದುಕೊಂಡು, ಮನೆ ಸೇರುವಷ್ಟರಲ್ಲಿ ಜೀವ ಹಣ್ಣಾಗಿರುತ್ತಿತ್ತು. ಕೇಳಿದ್ದನ್ನೆಲ್ಲ ಎಲ್ಲಾದರೂ ಸುರಿಯಬೇಕಲ್ಲ? ಹೆಂಡತಿಯ ಮುಂದೆ ಸುರಿಯುತ್ತಿದ್ದ. ಚಹಾ ಆರಿದೆ, ಅಂಗಿ ಮುದುಡಿದೆ, ಬಾಗಿಲು ಕಿರುಗುಟ್ಟುತ್ತಿದೆ. "ಹೂಂ, ನಾಳೆ ಸರಿ ಮಾಡ್ತೀನಿ ಬಿಡಿ," ಅನ್ನುತ್ತಿದ್ದಳು ಅವಳು.

ಈಗ ಅದೆಲ್ಲ ಬಂದ್. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರಿಗೆ ಸ್ತೋತ್ರ ಹೇಳುವನು. ತಿಂದು, ಕೈ ತೊಳೆದು, ಮಲಗುವನು. ಮನೆ ಎಷ್ಟು ಪ್ರಶಾಂತವಾಗಿದೆ ಎಂದು ಅವನಿಗೇ ಆಶ್ಚರ್ಯ.

ಆದರೆ ಸೈತಾನ ಸುಮ್ಮನಿರುತ್ತಾನೆಯೇ? ಇಪ್ಪತ್ತೊಂದನೇ ದಿನ ಚಹಾ ತಣ್ಣಗೆ ಕೊರೆಯುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಅಂಗಿಯ ಎರಡು ಗುಂಡಿ ಮಾಯ. ಇಪ್ಪತ್ತೇಳಕ್ಕೆ ಕಚೇರಿಯಲ್ಲಿ ಊಟದ ಡಬ್ಬಿ ತೆರೆದರೆ ಖಾಲಿ! ಹಸಿವಿನಿಂದ ಕಣ್ಣು ಕತ್ತಲೆ ಬಂತು. ಇದು ಪರೀಕ್ಷೆ, ಸೋಲಬಾರದು ಎಂದುಕೊಂಡ. ಸಂಜೆ ಡಬ್ಬಿಯನ್ನು ಸದ್ದಿಲ್ಲದೆ ಅಡುಗೆಮನೆಯಲ್ಲಿಟ್ಟ.

"ಡಬ್ಬಿ..." ಎಂದಳು ಹೆಂಡತಿ.

ಅವನು ನಸುನಕ್ಕು ತಲೆಯಾಡಿಸಿದ. ಅವಳ ಮುಖ ಸಣ್ಣಗಾಯಿತು. ವಯಸ್ಸಾಯಿತು, ಮರೆವು ಬರುತ್ತಿದೆ ಎಂದು ಅವನಿಗೆ ಕನಿಕರವೂ ಹುಟ್ಟಿತು.

ಭಾನುವಾರ ಸಾಕ್ಷಿಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದವನು ಅವನೇ. "ಮೂವತ್ತು ದಿನ ಆಯ್ತು. ನನ್ನ ಬಾಯಿಂದ ಒಂದೇ ಒಂದು ಗೊಣಗಾಟ ಬಂದಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ!"

ಚಪ್ಪಾಳೆ ಬಿತ್ತು. ಗುಮಾಸ್ತನ ದಣಿದ ಕಣ್ಣು ತುಂಬಿಬಂತು.

"ಯಾರಿಗಾದ್ರೂ ಪ್ರಾರ್ಥನೆ ಬೇಕಿದ್ರೆ ಹೇಳಿ," ಎಂದರು ಪಾಸ್ಟರು.

ಇಷ್ಟು ವರ್ಷದಲ್ಲಿ ಸಭೆಯಲ್ಲಿ ತುಟಿ ಬಿಚ್ಚದ ಹೆಂಡತಿ, ಮುಂದಿನ ಬೆಂಚು ಹಿಡಿದುಕೊಂಡು ಎದ್ದು ನಿಂತಳು. ತನ್ನನ್ನು ಹೊಗಳುತ್ತಾಳೆ ಎಂದು ಗುಮಾಸ್ತ ನೆಟ್ಟಗೆ ಕುಳಿತ.

"ನಮ್ಮವರು ಮತ್ತೆ ಗೊಣಗೋ ಹಾಗಾಗ್ಲಿ ಅಂತ ಪ್ರಾರ್ಥನೆ ಮಾಡಿ, ಪಾಸ್ಟರೇ. ಅದು ಬಿಟ್ರೆ ಅವರಿಗೆ ನನ್ನ ಹತ್ರ ಬೇರೆ ಮಾತೇ ಇರಲಿಲ್ಲ. ಬೇಕಂತಲೇ ಏನೇನೋ ಕೆಡಿಸಿ ನೋಡಿದೆ, ತಿಂಗಳಿಂದ ಒಂದು ಮಾತೂ ಆಡಿಲ್ಲ."