ಕುರ್ಚಿಯಿಂದ ಏಳುವ ಪಾಠ

"ಇದು ಯಾರು ಮಾತಾಡ್ತಿರೋದು, ನೀನೇನಾ?" ಎಂದು ಅತ್ತೆ ಲ್ಯಾಪ್‌ಟಾಪಿನತ್ತ ಗದ್ದ ಎತ್ತಿ ಕೇಳಿದರು.

ಸೊಸೆಗೆ ಪಿಚ್ಚೆನಿಸಿತು. ಮೂರು ಸಲ ತಪ್ಪಿ, ನಾಲ್ಕನೆಯ ಸಲಕ್ಕೆ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರಿಳಿಸಿಕೊಂಡು ರೆಕಾರ್ಡ್ ಮಾಡಿದ ದನಿ ಅದು. 'ಕುರ್ಚಿಯಿಂದ ಏಳುವುದು ಹೇಗೆ' ಅಂತ ಆರು ಸ್ಲೈಡು, ಒಂದೊಂದಕ್ಕೂ ಅವಳದೇ ವಿವರಣೆ. ವಯಸ್ಸಾದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ತೋರಿಸಬೇಕು, ಸಂಜೆಯೊಳಗೆ ಕಳಿಸಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅವಳು ಫಿಸಿಯೋಥೆರಪಿಸ್ಟ್. ಊರಿನವರನ್ನೆಲ್ಲ ಎಬ್ಬಿಸಿ ನಡೆಸಿದವಳಿಗೆ ಮನೆಯ ಅತ್ತೆಯೇ ಬಗ್ಗಿರಲಿಲ್ಲ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಜಪ್ಪಯ್ಯ ಅಂದರೂ ಅವರು ತಾವಾಗಿ ಏಳುತ್ತಿರಲಿಲ್ಲ. ಮೂಳೆಗೆ ಏನೂ ಆಗಿರಲಿಲ್ಲ, ಹೆದರಿಕೆ ಹೋಗಿರಲಿಲ್ಲ, ಅಷ್ಟೇ. ಯಾರಾದರೂ ಎರಡೂ ರಟ್ಟೆ ಹಿಡಿಯಲೇಬೇಕು. ಹೀಗೇ ಬಿಟ್ಟರೆ ಕಾಲಿನ ಶಕ್ತಿಯೇ ಉಡುಗಿಹೋಗುತ್ತದೆ ಎಂದು ಸೊಸೆಗೆ ಒಳಗೊಳಗೇ ದಿಗಿಲು.

ಏನು ಸರಿಯಿಲ್ಲ ಎಂದು ಕೇಳಿದಳು. ಅತ್ತೆ ಮುಲಾಜು ನೋಡಲಿಲ್ಲ. ಇಷ್ಟು ನಯವಾಗಿ ಮಾತಾಡುವವರನ್ನು ಕಂಡರೆ ಏನೋ ಮಾರಲು ಬಂದಿದ್ದಾರೆ ಅನ್ನಿಸುತ್ತದಂತೆ. 'ದಯವಿಟ್ಟು' ಅಂತೆ, 'ನಿಮಗೆ ಅನುಕೂಲವಾದಾಗ' ಅಂತೆ. ಅನುಕೂಲ ನೋಡಿಕೊಂಡು ಏಳುವುದಾದರೆ ನಾಳೆ ಎದ್ದರಾಯಿತು, ಇವತ್ತೇ ಏಳುವ ದರ್ದು ಯಾರಿಗಿದೆ?

"ಮಾತ್ರೆ ನುಂಗದೆ ಕೂತ್ರೆ ನನ್ನ ಮೇಲೆ ರೇಗ್ತೀಯಲ್ಲ, ಆ ಗಂಟಲಲ್ಲಿ ಹೇಳು."

ಸೊಸೆ ಮೂತಿ ಊದಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಟ್ಟು ಬಂದಿತ್ತು, ಅದನ್ನೇ ಮೈಕಿನ ಮುಂದೆ ಸುರಿದಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಲ್ಯಾಪ್‌ಟಾಪ್ ತಂದು ಅತ್ತೆಯ ಎದುರಿಗಿಟ್ಟು, ಈಗ ಕೇಳಿ ಎಂದು ಹಚ್ಚಿ, ಒಣಗಿದ ಗಂಟಲಿಗೆ ನೀರು ಹಾಕಲು ಅಡುಗೆಮನೆಗೆ ನಡೆದಳು.

ಅಲ್ಲಿಗೂ ಅವಳ ದನಿ ಕೇಳುತ್ತಿತ್ತು. ಮುಂದಕ್ಕೆ ಜರುಗಿ, ಇನ್ನೂ ಸ್ವಲ್ಪ. ಪಾದ ಹಿಂದಕ್ಕೆ. ಕೈ ಕುರ್ಚಿಯ ತೋಳಿನ ಮೇಲೆ. ಏನೂ ಆಗಲ್ಲ, ಮುಂದಕ್ಕೆ ಬಾಗಿ. ಹೂಂ, ಏಳಿ ಈಗ. ಕೊನೆಗೆ ಧನ್ಯವಾದ ಎಂದಿತು, ಆಮೇಲೆ ಸದ್ದಿಲ್ಲ.

ಲೋಟ ಹಿಡಿದು ಈಚೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಎದ್ದು ನಿಂತಿದ್ದರು. ಹಿಡಿದುಕೊಳ್ಳಲು ಯಾರ ಕೈಯೂ ಇಲ್ಲ, ಗೋಡೆಯೂ ಇಲ್ಲ. ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಸರ್ರನೆ ಇಳಿದು, ಸೊಸೆಗೆ ಅಳು ನಗು ಎರಡೂ ಒಟ್ಟಿಗೇ ಬಂದವು.

ಅತ್ತೆ ಮಾತ್ರ ಸಿಡಿಮಿಡಿ ಎನ್ನುತ್ತಿದ್ದರು. "ಎಬ್ಬಿಸಿಬಿಟ್ಟು ಧನ್ಯವಾದ ಅಂದ್ರೆ ಹೇಗೆ? ಕೂತ್ಕೊಳ್ಳೋದನ್ನ ಯಾರು ಹೇಳ್ಕೊಡ್ತಾರೆ?"

ಹೌದಲ್ಲ. ಆರು ಸ್ಲೈಡಿನಲ್ಲಿ ಒಂದರಲ್ಲೂ ಅದಿರಲಿಲ್ಲ. ಅಷ್ಟು ಸಲ ತಿದ್ದಿದ ಅವಳಿಗೆ ಅದು ಹೊಳೆದೇ ಇರಲಿಲ್ಲ. ಲೋಟ ಕೆಳಗಿಟ್ಟು ಅತ್ತೆಯ ಪಕ್ಕಕ್ಕೆ ಬಂದು, ಕೈಗೆಟುಕುವಷ್ಟು ಹತ್ತಿರ, ಆದರೆ ಮುಟ್ಟದೆ ನಿಂತಳು.

"ಹೇಳ್ಕೊಡ್ತೀನಿ ಅತ್ತೆ," ಎಂದಳು. "ಇನ್ನೊಂದು ನಿಮಿಷ ಹೀಗೇ ನಿಂತಿರಿ, ಕಣ್ತುಂಬ ನೋಡ್ಕೋತೀನಿ."