ಕೊನೆಯ ಸಾಲು

ಬೆಳಗ್ಗೆ ಐದೂವರೆಗೆ ಪಾರ್ಕಿನ ಗೇಟು ತೆರೆಯಿತು. ಮೊದಲು ಒಳಗೆ ಹೋದವಳು ವೈಜಯಂತಿ. ತೈ ಚಿ ವ್ಯಾಯಾಮದ ತರಗತಿ ಇದ್ದದ್ದು ಆರಕ್ಕೆ.

ಅವಳು ಸೇರಿದ ಮೊದಲ ದಿನವೇ ಮೇಷ್ಟ್ರು ಹೇಳಿದ್ದರು: "ನೀರನ್ನ ನೋಡಿ ಕಲೀರಿ ಅಂತಾರೆ ಚೀನಾದ ತಾವೋ ಪಂಥದವರು. ಅದು ಪೈಪೋಟಿಗೆ ಹೋಗಲ್ಲ, ತಗ್ಗು ಹುಡುಕ್ಕೊಂಡು ಹೋಗತ್ತೆ. ನಮ್ಮ ಪ್ರಫುಲ್ಲಾ ಅವರನ್ನೇ ನೋಡಿ, ಯಾವಾಗಲೂ ಕೊನೇ ಸಾಲಲ್ಲೇ ನಿಲ್ತಾರೆ."

ಪ್ರಫುಲ್ಲಾ ವೈಜಯಂತಿಯ ಓರಗಿತ್ತಿ. ಮನೆಯಲ್ಲಿ ಹೊಗಳಿಸಿಕೊಳ್ಳುವುದು ಸಾಲದೆಂದು ಇಲ್ಲಿಯೂ! ಅಂದು ಹತ್ತಿದ ಹೊಟ್ಟೆಯುರಿ ಮೂರು ತಿಂಗಳಾದರೂ ಆರಿರಲಿಲ್ಲ. ದಿನವೂ ಅವಳು ಓರಗಿತ್ತಿಗಿಂತ ಒಂದು ಹೆಜ್ಜೆ ಹಿಂದೆ, ಬೇಲಿಗೆ ಬೆನ್ನು ತಾಗುವಂತೆ ನಿಲ್ಲುತ್ತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ಪ್ರಫುಲ್ಲಾಳ ಬೆನ್ನು ಮಾತ್ರ. ಆ ಬೆನ್ನು ತಿರುಗಿದರೆ ತಾನೂ ತಿರುಗುವಳು, ಆ ಕೈ ಎದ್ದರೆ ತಾನೂ ಎತ್ತುವಳು.

ಮುಂದಿನ ತಿಂಗಳು ಮೇಷ್ಟ್ರು ಊರಲ್ಲಿರುವುದಿಲ್ಲ. ತರಗತಿ ಯಾರು ನಡೆಸಬೇಕೆಂದು ಇಂದು ಹೇಳುವವರಿದ್ದರು.

"ಅಕ್ಕಾ, ಇನ್ನೂ ಹಿಂದಕ್ಕೆ ಹೋದ್ರೆ ಬೇಲಿ ಮುರ್ಕೊಂಡು ರಸ್ತೆಗೆ ಬೀಳ್ತೀರ" ಎಂದಳು ಪ್ರಫುಲ್ಲಾ.

"ನನಗೆ ಮುಂದೆ ನಿಲ್ಲೋ ಆಸೆ ಇಲ್ಲಮ್ಮ. ಇರೋರು ನಿಂತ್ಕೊಳ್ಳಲಿ."

ಇದು ಮೇಷ್ಟ್ರ ಕಿವಿಗೆ ಬಿತ್ತು.

"ಆಸೆ ಇಲ್ಲದೋರೇ ಬೇಕಾಗಿತ್ತು. ಹಾಗಾದ್ರೆ ಮುಂದಿನ ತಿಂಗಳು ನೀವೇ ನಡೆಸಿ. ಎಲ್ಲರೂ ಬೇಲಿ ಕಡೆ ತಿರುಗಿ. ವೈಜಯಂತಿ ಅವರು ಮಾಡಿದ ಹಾಗೇ ಮಾಡಿ."

ಎಲ್ಲರೂ ತಿರುಗಿದರು. ಈಗ ವೈಜಯಂತಿಯ ಮುಂದೆ ಬೇಲಿಯೊಂದೇ ಇತ್ತು. ಎರಡೂ ಕೈ ಎತ್ತಿದಳು. ಮುಂದಿನದು ನೆನಪಾಗಲಿಲ್ಲ. ಕತ್ತು ತಿರುಗಿಸಿ ಪ್ರಫುಲ್ಲಾಳನ್ನು ನೋಡಿದಳು.

ಅವಳ ಹಿಂದಿದ್ದ ಹದಿನಾಲ್ಕು ಜನರೂ ಕೈ ಎತ್ತಿ, ಕತ್ತು ತಿರುಗಿಸಿದರು.